ಮನೆಗೊಂದು ಸಣ್ಣ ವೆಲ್ಡಿಂಗ್ ಮಷೀನ್: ಒಂದು ವರ್ಷ ಬಳಸಿದ ಮೇಲೆ

ನಮ್ಮದು ಆಲೂರು ತಾಲ್ಲೂಕಿನ ಸಣ್ಣ ತೋಟ. ಕಾಫಿ, ಮೆಣಸು, ಎರಡು ಹಸು. ಹೋದ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಆನೆ ಬಂದು ತೋಟದ ಗೇಟನ್ನು ಮಡಚಿ ಹಾಕಿ ಹೋಯಿತು. ವೆಲ್ಡಿಂಗ್‌ನವರಿಗೆ ಫೋನ್ ಮಾಡಿದರೆ ಎಲ್ಲರಿಗೂ ಕೈತುಂಬ ಕೆಲಸ. ಹನ್ನೊಂದು ದಿನ ಗೇಟಿಲ್ಲ. ಕಣದಲ್ಲಿ ಕಾಫಿ ಹರಡಿಕೊಂಡು ರಾತ್ರಿ ನಿದ್ದೆ ಬಿಟ್ಟು ಕೂತೆವು. ಆಗಲೇ ತೀರ್ಮಾನ ಮಾಡಿದೆ, ಮನೆಗೊಂದು ಸಣ್ಣ ಮಷೀನ್ ತರಬೇಕು, ನಾನೇ ಕಲಿಯಬೇಕು ಅಂತ.

ಮೊದಲೇ ಹೇಳಿಬಿಡುತ್ತೇನೆ. ಮಷೀನ್ ಚೆನ್ನಾಗಿದೆ. ಆದರೆ ಅದರ ಜೊತೆ ಡಬ್ಬದಲ್ಲಿ ಬಂದ ಸಾಮಾನು ಮಾತ್ರ ಪ್ರಯೋಜನಕ್ಕಿಲ್ಲ. ದುಡ್ಡು ಹಾಕಬೇಕಾದ್ದು ಹೆಲ್ಮೆಟ್ಟಿಗೆ, ವೈರಿಗೆ.

ತಂದಿದ್ದು ಸಿಂಗಲ್ ಫೇಸ್ ಇನ್ವರ್ಟರ್ ಆರ್ಕ್ ವೆಲ್ಡಿಂಗ್ ಮಷೀನ್, ಅಂದರೆ ಮನೆಯ ಕರೆಂಟಿನಲ್ಲೇ ಓಡುವ, ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಹಗುರದ ಮಷೀನ್. ಹಾಸನದ ಬಿ.ಎಂ. ರಸ್ತೆಯ ಅಂಗಡಿಯಲ್ಲಿ 6,800 ರೂಪಾಯಿ ಕೊಟ್ಟೆ. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಅದೇ ಅಂಗಡಿಯಲ್ಲಿ ಒಂದೇ ಥರದ ಮಷೀನು ಮೂರು ಬೇರೆ ಸ್ಟಿಕ್ಕರ್ ಹಾಕಿಕೊಂಡು ಕೂತಿತ್ತು. ತೂಕ ಐದು ಕೇಜಿ ಆಸುಪಾಸು. ಹೆಗಲಿಗೆ ಬೆಲ್ಟ್ ಹಾಕಿಕೊಂಡು ತೋಟದ ಆಚೆ ತುದಿಗೂ ಒಯ್ಯುತ್ತೇನೆ. ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಮಷೀನ್ ಆಗಿದ್ದರೆ ಎತ್ತಿಡುವುದಕ್ಕೇ ಇಬ್ಬರು ಬೇಕಿತ್ತು.

ಮೇಲೆ 200 ಆಂಪ್ ಅಂತ ದೊಡ್ಡದಾಗಿ ಬರೆದಿದೆ. ಇದನ್ನು ನೋಡಿ ಯಾರೂ ಮಷೀನ್ ಆರಿಸಬೇಡಿ. ಲೆಕ್ಕ ಹಾಕಿ ನೋಡಿ. ರಾಡ್ ವೆಲ್ಡಿಂಗಿನಲ್ಲಿ (ಲೇಪ ಇರುವ ಲೋಹದ ಕಡ್ಡಿಯೇ ಕಿಡಿಗೆ ಕರಗಿ ಬೆಸುಗೆಯಾಗುವ ಬಗೆ) 200 ಆಂಪ್ ಹರಿಯುವಾಗ ವೋಲ್ಟೇಜ್ ಸುಮಾರು 28 ಇರುತ್ತದೆ. ಅಲ್ಲಿಗೆ 5,600 ವಾಟ್ ಆಯಿತು. 230 ವೋಲ್ಟಿನ ಲೈನಿನಿಂದ ಅಷ್ಟು ಎಳೆಯಬೇಕೆಂದರೆ, ಮಷೀನ್ ಒಳಗೆ ಸೋರಿಹೋಗುವುದನ್ನು ಬಿಟ್ಟರೂ, 24 ಆಂಪ್ ಬೇಕು. ನಮ್ಮ ಮನೆಯ ಗೋಡೆಯಲ್ಲಿರುವುದು 16 ಆಂಪ್ ಪ್ಲಗ್. ಹೇಗೆ ಸಾಧ್ಯ ಅಲ್ವಾ? ಅದೇ ನೀವು 80 ಆಂಪಿನಲ್ಲಿ ಕೆಲಸ ಮಾಡಿದರೆ, ವೋಲ್ಟೇಜೂ 23ರ ಆಸುಪಾಸಿಗೆ ಇಳಿಯುವುದರಿಂದ, ಆ ಲೆಕ್ಕದಲ್ಲೇ 8 ಆಂಪ್ ಚಿಲ್ಲರೆ. ಸೋರಿಕೆ ಸೇರಿ ಇನ್ನಷ್ಟು ಜಾಸ್ತಿ ಎಳೆಯುತ್ತದೆ, ಆದರೂ ಮನೆಯ ಲೈನ್ ತಡೆಯುತ್ತದೆ. ಗೇಟು, ಕೊಟ್ಟಿಗೆ, ಕಿಟಕಿ ಸರಳು, ಇದಕ್ಕೆಲ್ಲ 100 ಆಂಪ್ ದಾಟುವ ಅಗತ್ಯ ನನಗೆ ಒಂದು ಸಲವೂ ಬಂದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ್ದು ಡ್ಯೂಟಿ ಸೈಕಲ್ ಎಷ್ಟು ಅಂತ. 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ಬಿಡುವು. ಅದು ಯಾವ ಆಂಪಿಗೆ ಅಂತಲೂ ಕೇಳಿ. ಆಮೇಲೆ ಎಷ್ಟು ವೋಲ್ಟೇಜ್ ತನಕ ಇಳಿದರೂ ಓಡುತ್ತದೆ ಅಂತ ಕೇಳಿ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹೊಡೆಯಲು ಎಲ್ಲರ ಮೋಟರೂ ಒಟ್ಟಿಗೆ ಶುರುವಾದಾಗ ನಮ್ಮ ಕಡೆ ಕರೆಂಟು ಎಷ್ಟು ಸೊರಗುತ್ತದೆ ಅಂತ ತೋಟದವರಿಗೆಲ್ಲ ಗೊತ್ತು. ಆ ದಿನಗಳಲ್ಲಿ ನಾನು ಬೆಳಗ್ಗೆ ಬೇಗ ಕೆಲಸ ಮುಗಿಸಿಬಿಡುತ್ತೇನೆ.

ಈಗ ಡಬ್ಬದ ಸಾಮಾನಿನ ವಿಷಯ. ರಾಡ್ ಕಚ್ಚಿ ಹಿಡಿಯುವ ಹೋಲ್ಡರಿನ ಕೇಬಲ್ ಎರಡು ಮೀಟರೂ ಇರಲಿಲ್ಲ. ಕತ್ತರಿಸಿ ನೋಡಿದರೆ ಒಳಗೆ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಎಳೆ. ಬೆಸುಗೆ ಹಾಕುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್ ತೆಳು ತಗಡಿನದು, ಸ್ಪ್ರಿಂಗ್ ಹಿಡಿತವೇ ಇಲ್ಲ. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಶೀಲ್ಡಿನ ಗಾಜಿನಲ್ಲಿ ಕಿಡಿ ಬಿಟ್ಟು ಬೇರೇನೂ ಕಾಣದು. ಜೊತೆಗೆ ನಾನೇ ಒಂದು ತಪ್ಪು ಮಾಡಿದ್ದೆ, ಮನೆಯಲ್ಲಿದ್ದ ತೆಳು ಎಕ್ಸ್‌ಟೆನ್ಶನ್ ವೈರಿಗೆ ಮಷೀನ್ ಸಿಕ್ಕಿಸಿದೆ. ಅರ್ಧ ಗಂಟೆಯಲ್ಲಿ ವೈರು ಮುಟ್ಟಲಾಗದಷ್ಟು ಬಿಸಿ. ರಾಡ್ ಅಂಟಿಕೊಳ್ಳುವುದು, ಆರಿಹೋಗುವುದು, ಎಲ್ಲಕ್ಕೂ ಮಷೀನನ್ನೇ ಬೈದೆ. ಆಮೇಲೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ತಂದು ಇಪ್ಪತ್ತು ಮೀಟರ್ ಎಕ್ಸ್‌ಟೆನ್ಶನ್ ಮಾಡಿಸಿದೆ. ಅದೇ ಮಷೀನ್ ಬೇರೆಯದೇ ಥರ ಓಡಿತು.

ಕಲಿತ ಕತೆ ಇನ್ನೊಂದು. ಮೊದಲ ಹದಿನೈದು ದಿನ ಫೋನಿನಲ್ಲಿ ವಿಡಿಯೋ ನೋಡಿಕೊಂಡು ಒಬ್ಬಳೇ ಒದ್ದಾಡಿದೆ. ಬೆಸುಗೆ ಅಂತ ಬಿದ್ದಿದ್ದೆಲ್ಲ ಕೋಳಿ ಹಿಕ್ಕೆ ಥರ ಗಂಟು ಗಂಟು, ಸುತ್ತಿಗೆಯಲ್ಲಿ ತಟ್ಟಿದರೆ ಉದುರುತ್ತಿತ್ತು. ಕೊನೆಗೆ ಊರ ಸರ್ಕಲ್ಲಿನಲ್ಲಿ ಶಾಪ್ ಇಟ್ಟಿರುವ ಹಿರಿಯರ ಹತ್ತಿರ ಹೋದೆ. ಎಲ್ಲರೂ ಅವರನ್ನು ಸಾಬ್ರು ಅಂತಲೇ ಕರೆಯುವುದು. ಹೆಂಗಸು ಕಲಿಯುತ್ತೀನಿ ಅಂದರೆ ಏನಂತಾರೋ ಅಂತ ಅಳುಕಿತ್ತು. ಅವರು ಒಂದು ಸ್ಟೂಲ್ ಎಳೆದು ಕೊಟ್ಟು, ತುಂಡು ಪಟ್ಟಿ ಮುಂದಿಟ್ಟರು.

"ಬೆಂಕಿ ನೋಡ್ಬೇಡವ್ವಾ. ಬೆಂಕಿ ಹಿಂದೆ ಕಬ್ಬಿಣ ನೀರಾಗಿರ್ತದಲ್ಲ, ಅದನ್ನ ನೋಡು. ಆ ನೀರನ್ನ ನಡೆಸ್ಕೊಂಡು ಹೋಗೋದೇ ಕೆಲಸ."

"ಏನೂ ಕಾಣಿಸ್ತಿಲ್ಲ ಸಾಬ್ರೇ."

ಅವರು ನನ್ನ ಶೀಲ್ಡ್ ಇಸಿದುಕೊಂಡು ಒಂದು ಗೆರೆ ಎಳೆದು, "ಇದ್ರಲ್ಲಿ ನಂಗೂ ಕಾಣಲ್ಲ" ಅಂದರು.

ಆ ವಾರವೇ ಆಟೋ ಡಾರ್ಕ್ ಹೆಲ್ಮೆಟ್ ತಂದೆ, 1,600 ರೂಪಾಯಿ. ಸುಮ್ನೆ ಇದ್ದಾಗ ತಿಳಿ ಹಸಿರು, ಕಿಡಿ ಹತ್ತಿದ ಕ್ಷಣಕ್ಕೇ ತಾನೇ ಕಪ್ಪಾಗುತ್ತದೆ. ಶೇಡ್, ಅಂದರೆ ಗಾಜು ಎಷ್ಟು ಕಪ್ಪಾಗಬೇಕು ಅನ್ನುವುದನ್ನು, 9ರಿಂದ 13ರವರೆಗೆ ತಿರುಗಿಸಬಹುದು. 80 ಆಂಪಿನ ಕೆಲಸಕ್ಕೆ ನಾನು 10ರಲ್ಲಿ ಇಡುತ್ತೇನೆ. ಅವತ್ತು ಮೊದಲ ಸಲ ಆ ಕರಗಿದ ನೀರು ಕಂಡಿತು. ಕೆಂಪಗೆ, ಚಿಕ್ಕದಾಗಿ, ರಾಡಿನ ಬೆನ್ನ ಹಿಂದೆ ನಡುಗುತ್ತಾ ಬರುತ್ತಿತ್ತು. ಅದರ ಮೇಲೆ ತೇಲುವ ಗಾಢ ಬಣ್ಣದ್ದು ರಾಡಿನ ಲೇಪ ಕರಗಿ ಆದ ಬೂದಿ, ಅಂದರೆ ಸ್ಲ್ಯಾಗ್. ಎರಡಕ್ಕೂ ವ್ಯತ್ಯಾಸ ಕಂಡ ಮೇಲೆ ಎರಡು ಭಾನುವಾರದಲ್ಲಿ ನನ್ನ ಗೆರೆ ನೇರವಾಯಿತು.

ಕೈಗೆ ಬಂದದ್ದನ್ನು ಹೇಳುತ್ತೇನೆ. ರಾಡನ್ನು ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ಕೂಡಲೇ ರಾಡಿನ ದಪ್ಪದಷ್ಟೇ ಅಂತರಕ್ಕೆ ತನ್ನಿ. ಜಾಸ್ತಿ ಎತ್ತಿದರೆ ಸಿಡಿಯುತ್ತದೆ, ಒತ್ತಿದರೆ ಅಂಟುತ್ತದೆ. ಹೋಗುವ ದಿಕ್ಕಿಗೆ ಹೋಲ್ಡರ್ ಸ್ವಲ್ಪ ವಾಲಿಸಿ ಎಳೆಯಬೇಕು, ದೂಡಬಾರದು, ದೂಡಿದರೆ ಬೂದಿ ಒಳಗೇ ಸೇರಿಕೊಳ್ಳುತ್ತದೆ. ಸರಿಯಾಗಿ ಬೀಳುತ್ತಿದ್ದರೆ ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಹಾಗೆ ಒಂದೇ ಸಮ ಸದ್ದು ಬರುತ್ತದೆ. ಆರಿದ ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬೂದಿ ಚಕ್ಕೆಯಾಗಿ ಎದ್ದು ಬರುತ್ತದೆ. ಅರ್ಥ್ ಕ್ಲಾಂಪ್ ಹಾಕುವ ಜಾಗದಲ್ಲಿ ಪೇಂಟು, ತುಕ್ಕು ಇರಕೂಡದು.

ರಾಡಿನಲ್ಲಿ 6013 ಅನ್ನುವ ನಂಬರಿನದು ತನ್ನಿ, ಕಲಿಯುವವರಿಗೆ ಅದೇ ಸುಲಭ. 3 ಮಿಲಿಮೀಟರಿನ ಆಂಗ್ಲರ್ (ಎಲ್ ಆಕಾರದ ಕಬ್ಬಿಣ), ಪಟ್ಟಿಗೆ 2.5 ಮಿ.ಮೀ. ರಾಡು, 75ರಿಂದ 85 ಆಂಪ್. ಸ್ಕ್ವೇರ್ ಪೈಪಿಗೆ ಬಂದಾಗ ನಾನು ಸೋತೆ. 16 ಗೇಜ್ ಅಂದರೆ ಸುಮಾರು 1.6 ಮಿ.ಮೀ. ದಪ್ಪ ಅಷ್ಟೇ, ಕಣ್ಣು ಮಿಟುಕಿಸುವಷ್ಟರಲ್ಲಿ ತೂತು. 2 ಮಿ.ಮೀ. ರಾಡ್ ಹಾಕಿ, ಆಂಪನ್ನು 50ಕ್ಕೆ ಇಳಿಸಿ, ಹೋಲ್ಡರನ್ನು ಮೈನಸ್ಸಿಗೂ ಅರ್ಥನ್ನು ಪ್ಲಸ್ಸಿಗೂ ಬದಲಾಯಿಸಿ, ಒಂದೇ ಉದ್ದಕ್ಕೆ ಎಳೆಯದೆ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದ ಮೇಲೆ ತೂತು ಬೀಳುವುದು ನಿಂತಿತು. ಚೌಕಟ್ಟು ಮಾಡುವಾಗ ನಾಲ್ಕೂ ಮೂಲೆಗೆ ಮೊದಲು ಚುಕ್ಕಿಯಷ್ಟೇ ಬೆಸುಗೆ ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯಾ ನೋಡಿ. ಆಮೇಲೂ ಒಂದು ಮೂಲೆ ಮುಗಿಸಿ ಎದುರು ಮೂಲೆಗೆ ಹೋಗಬೇಕು. ನನ್ನ ಮೊದಲ ಗೇಟು ಕಾಯಿಸಿದ ಕಡೆಗೇ ಎಳೆದುಕೊಂಡು ಸೊಟ್ಟಗಾಯಿತು, ಕತ್ತರಿಸಿ ಮತ್ತೆ ಮಾಡಿದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. ಜೂನಿನಿಂದ ರಾಡ್ ತಂಡಿ ಎಳೆಯುತ್ತದೆ. ಹೊಗೆ ಜಾಸ್ತಿ, ಸಿಡಿತ ಜಾಸ್ತಿ, ಬೆಸುಗೆಯಲ್ಲಿ ಸಣ್ಣ ಸಣ್ಣ ತೂತು. ನಾನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಕೆಲಸದ ಹಿಂದಿನ ರಾತ್ರಿ ಬೇಕಾದಷ್ಟನ್ನು ಮಾತ್ರ ಸೌದೆ ಒಲೆಯ ಪಕ್ಕದಲ್ಲಿ ಬೆಚ್ಚಗಿಡುತ್ತೇನೆ. ನೆಲ ಒದ್ದೆ ಇದ್ದಾಗ, ಗ್ಲೌಸ್ ಒದ್ದೆಯಾದಾಗ ಕೆಲಸ ಮಾಡಲೇಬೇಡಿ. ಕಿಡಿ ಹತ್ತದೆ ಸುಮ್ಮನೆ ಹಿಡಿದಾಗ ಹೋಲ್ಡರಿನಲ್ಲಿ 60, 70 ವೋಲ್ಟ್ ಇರುತ್ತದೆ. ಒಣ ಕೈಗೆ ಗೊತ್ತಾಗದಿರಬಹುದು, ಒದ್ದೆ ಮೈಗೆ ಅಪಾಯ.

ಕಣ್ಣಿನ ವಿಷಯ ಬಿಡುವ ಹಾಗೇ ಇಲ್ಲ. ಹೆಲ್ಮೆಟ್ ಬರುವುದಕ್ಕೆ ಮುಂಚೆ, ಬರೀ ಚುಕ್ಕಿ ತಾನೇ ಅಂತ ನಾಲ್ಕೈದು ಸಲ ಕಣ್ಣು ಮುಚ್ಚಿಕೊಂಡು ಹಾಕಿದೆ. ಆ ಹೊತ್ತಿಗೆ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಎರಡೂ ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ನೀರು, ದೀಪ ನೋಡಲು ಆಗುತ್ತಿಲ್ಲ. ಅತ್ತೆ ಆಲೂಗಡ್ಡೆ ಹೆಚ್ಚಿ ಕಣ್ಣಿನ ಮೇಲಿಡಲು ತಂದರು. ಡಾಕ್ಟರು ಮಾತ್ರ ಕಣ್ಣಿಗೆ ಏನನ್ನೂ ಹಾಕಬೇಡಿ ಅಂತ ಹೇಳಿ ಡ್ರಾಪ್ಸ್ ಕೊಟ್ಟರು, ಎರಡು ದಿನಕ್ಕೆ ಸರಿಹೋಯಿತು. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಇದೇ ಆಗುತ್ತದೆ, ದೂರ ಕಳಿಸಿ. ಬಟ್ಟೆ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ನೈಟಿ, ದುಪಟ್ಟಾ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಾನು ನಮ್ಮನೆಯವರ ಹಳೇ ಕಾಟನ್ ಶರ್ಟು, ಜೀನ್ಸ್, ಶೂ ಹಾಕುತ್ತೇನೆ. ಜಿಐ ಪೈಪ್ (ಸತುವಿನ ಲೇಪ ಇರುವ ಕಬ್ಬಿಣದ ಪೈಪ್) ಇದ್ದರೆ ಬೆಸುಗೆ ಹಾಕುವ ಜಾಗದ ಸತುವನ್ನು ಮೊದಲು ಗ್ರೈಂಡರಿನಲ್ಲಿ ತೆಗೆದು, ಬಯಲಲ್ಲೇ ಕೂತು ಮಾಡಿ. ಆ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ.

ರಾಡಿನ ಬದಲು ಸುರುಳಿಯಿಂದ ತಂತಿ ತಾನೇ ಬರುವ, ಗ್ಯಾಸಿಲ್ಲದ ಮಿಗ್ ಮಷೀನ್ ತರಬಹುದಿತ್ತಲ್ಲ ಅಂತ ತಮ್ಮ ಕೇಳಿದ. ತೆಳು ತಗಡಿಗೆ ಅದು ಸುಲಭ, ಒಪ್ಪುತ್ತೇನೆ. ಆದರೆ ಅದರ ತಂತಿ ಸುರುಳಿಗೆ ಪ್ರತಿ ಸಲ ಹಾಸನಕ್ಕೆ ಹೋಗಬೇಕು, ಮಳೆಗಾಲದಲ್ಲಿ ತುಕ್ಕು ಬೇರೆ. ರಾಡಾದರೆ ಹೋಬಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಇದೆ. ಇನ್ನೊಂದು, ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ಮುರಿದರೆ ಈ ಮಷೀನಿನಲ್ಲಿ ಕೈ ಹಾಕಬೇಡಿ. ಅದಕ್ಕೆ ಟಿಗ್ (ಗ್ಯಾಸಿನ ರಕ್ಷಣೆಯಲ್ಲಿ ಬೆಸುಗೆ ಹಾಕುವ ಮಷೀನ್) ಇರುವ ಶಾಪಿಗೇ ಕೊಡಿ, ಮೇಲೆ ಹತ್ತುವುದು ಮನುಷ್ಯರು.

ಗೇಟು ಈಗ ನಿಂತಿದೆ. 50 ಮಿ.ಮೀ. ಆಂಗ್ಲರಿನಲ್ಲಿ ನಾನೇ ಮಾಡಿದ್ದು, ಮಳೆಗಾಲ ಕಳೆದರೂ ಒಂದು ಬೆಸುಗೆಯೂ ಬಿಟ್ಟಿಲ್ಲ. ಈಗ ಕರುವಿಗೆ ಸ್ಕ್ವೇರ್ ಪೈಪಿನ ಕಟಾಂಜನ ಶುರು ಮಾಡಿದ್ದೇನೆ. ಆಲೂರು, ಸಕಲೇಶಪುರ ಕಡೆ 2 ಮಿ.ಮೀ. ರಾಡ್ ಬಿಡಿಯಾಗಿ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನನ್ನ ಹತ್ತಿರ ಇನ್ನು ಹನ್ನೆರಡೇ ಉಳಿದಿವೆ.