ಎಥ್ನೋಗ್ರಫಿ (ಜನರ ಮಧ್ಯೆ ಇದ್ದು, ನೋಡಿ ಬರೆಯೋದು) ಪೇಪರ್ ತಗೋಬೇಕಾ ಅಂತ ಕೇಳೋರಿಗೆ: 5ಕ್ಕೆ 3.5
ಎಂಎ ಎರಡನೇ ವರ್ಷ, ಬೆಂಗಳೂರಲ್ಲೇ ಓದ್ತಿರೋದು, ಯಾವ ಯೂನಿವರ್ಸಿಟಿ ಅಂತ ಹೇಳಲ್ಲ, ಇಂಟರ್ನಲ್ಸ್ ಮಾರ್ಕ್ಸ್ ಇನ್ನೂ ಬಂದಿಲ್ಲ. "ಈಸಿ ಪೇಪರ್ ಕಣೋ, ಬರೀ ಊರು ಸುತ್ತೋದು" ಅಂದಿದ್ದ ಸೀನಿಯರ್‌ಗೆ ದೂರದಿಂದಲೇ ಒಂದು ದೊಡ್ಡ ನಮಸ್ಕಾರ.

ರೀಡಿಂಗ್ಸ್ ಜಾಸ್ತಿ. ವಾರಕ್ಕೆ ಎರಡು, ಒಂದೊಂದೂ 40 ಪೇಜ್ ಮೇಲೆ, ಯಾವ ಕಾಲದಲ್ಲೋ ಸ್ಕ್ಯಾನ್ ಮಾಡಿದ್ದು, ಬಲಗಡೆ ಅಂಚಲ್ಲಿ ಎರಡೆರಡು ಅಕ್ಷರ ಮಾಯ. ಮಾನವಶಾಸ್ತ್ರಜ್ಞ ಗೀರ್ಟ್ಸ್ ಬರೆದಿದ್ದು ಅರ್ಧ ಅರ್ಥ ಆಯ್ತು. ಇನ್ನೊಬ್ಬ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1922ರ ಪುಸ್ತಕದಲ್ಲಿ ಅಷ್ಟು ತಾಳ್ಮೆಯಿಂದ ಬರೆದ ಜನರನ್ನೇ ತನ್ನ ಡೈರಿಯಲ್ಲಿ ಬೈಕೊಂಡಿದಾನೆ, ಆ ಡೈರಿ ಅವನು ಸತ್ತಮೇಲೆ 1967ರಲ್ಲಿ ಹೊರಗೆ ಬಂತು, ಆ ವಾರದ ಕ್ಲಾಸ್ ಮಾತ್ರ ಸೂಪರ್. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕಥೆ ಕೇಳಿದ ಕ್ಲಾಸೂ ಅಷ್ಟೇ ಸೂಪರ್. 1948ರಲ್ಲಿ ಮೈಸೂರು ಹತ್ರದ ಹಳ್ಳೀಲಿ ತಿಂಗಳುಗಟ್ಟಲೆ ಇದ್ದು ಬಂದ್ರು, ಆ ನೋಟ್ಸನ್ನ ವಿಂಗಡಿಸಿ ಬರೆದಿಟ್ಟಿದ್ದ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಸುಟ್ಟೋದ್ವು, 'ದಿ ರಿಮೆಂಬರ್ಡ್ ವಿಲೇಜ್' ಬಹುಪಾಲು ನೆನಪಿಂದ ಬರೆದಿದ್ದು. ಕೇಳಿದ್ದೇ ತಡ ಹಿಂದಿನ ಬೆಂಚಿಂದ "ಮೇಡಂ ಹಾಗಾದ್ರೆ ನಾವೂ ನೆನಪಿಂದ ಬರೀಬಹುದಾ?" "ಬರೀರಪ್ಪ, ಮೊದಲು ಹೋಗಿ ಬನ್ನಿ, ಆಮೇಲೆ ಸುಡಿ" ಅಂದ್ರು.

ಅಸೈನ್‌ಮೆಂಟು ಒಂದೇ ಜಾಗಕ್ಕೆ ಆರು ದಿನ. ನಾನು ಕೆ.ಆರ್. ಮಾರ್ಕೆಟ್ ಹೂವಿನ ಕಡೆ ತಗೊಂಡೆ, ಬೆಳಗಿನ ಜಾವ ನಾಲ್ಕೂವರೆಗೆ ಅಲ್ಲಿರಬೇಕು. ಮಾತಾಡಿಸೋರ ಹತ್ರ ಒಪ್ಪಿಗೆಗೆ ಸೈನ್ ಹಾಕಿಸ್ಕೊಳ್ಳೋ ಕನ್ಸೆಂಟ್ ಫಾರ್ಮ್ ಮೂರು ಪೇಜು, ಪೂರ್ತಿ ಇಂಗ್ಲಿಷು. ಹೂವಿನ ಅಕ್ಕ ಅದನ್ನ ತಿರುಗಿಸಿ ನೋಡಿ "ಯಾಕಪ್ಪ ಸೈನು, ಲೋನಾ?" ಅಂದ್ರು. ಕೊನೆಗೆ ಬಾಯಲ್ಲಿ ಒಪ್ಪಿದ್ರೆ ಸಾಕು ಅಂತಾಯ್ತು, ಮೊದಲೇ ಹೇಳಿದ್ರೆ ಮೂವತ್ತು ಜೆರಾಕ್ಸ್ ದುಡ್ಡು ಉಳೀತಿತ್ತು. ಇನ್ನೊಂದು ಸಿಟ್ಟು ಅಂದ್ರೆ ಕನ್ನಡದಲ್ಲಿ ಕೇಳಿದ್ದನ್ನೆಲ್ಲ ಇಂಗ್ಲಿಷಿಗೆ ಮಾಡಿ ಬರೀಬೇಕು, ಅಷ್ಟು ಒದ್ದಾಟಕ್ಕೆ ಒಂದು ಮಾರ್ಕೂ ಇಲ್ಲ.

ಈಗ ನನ್ನ ಘನಕಾರ್ಯ. ಮೂರು ದಿನ ಬಿಡಿ ಹೂವು ಕೆಜಿ ಲೆಕ್ಕದಲ್ಲಿ ಮಾರೋ ಕಡೆ ಕೂತಿದ್ದೆ, ನಾಲ್ಕನೇ ದಿನ ಕಟ್ಟಿದ ಹೂವಿನ ಸಾಲು ನೋಡಬೇಕಿತ್ತು, ಏಳೋಕೇ ಆಗ್ಲಿಲ್ಲ. ಎಐ ಹತ್ರ ಒಂದು ಪೇಜ್ ಬರೆಸಿ ರಿಪೋರ್ಟಿಗೆ ಸೇರಿಸಿದೆ. ಕಾಪಿ ಹೊಡೆದಿದೀವಾ ಅಂತ ನೋಡೋ ಸಾಫ್ಟ್‌ವೇರ್ ಸಿಮಿಲಾರಿಟಿ (ಬೇರೆ ಬರಹಗಳ ಜೊತೆ ಹೋಲಿಕೆ) 3% ತೋರಿಸ್ತು. ಥೀಸಿಸ್‌ಗಳಿಗೆ ಅಂತ ಯುಜಿಸಿ 2018ರಲ್ಲಿ ಮಾಡಿರೋ ರೂಲಲ್ಲೇ 10% ತನಕ ಶಿಕ್ಷೆ ಇಲ್ಲ, ನಂದು ಯಾವ ಲೆಕ್ಕ ಅಂತ ಆರಾಮಾಗಿದ್ದೆ.

ವೈವಾದಲ್ಲಿ, ಅಂದ್ರೆ ಬಾಯಲ್ಲಿ ಪ್ರಶ್ನೆ ಕೇಳೋ ಪರೀಕ್ಷೇಲಿ, ಮೇಡಂ ಆ ಪರ್ಸೆಂಟೇಜ್ ಕಡೆ ನೋಡಲೇ ಇಲ್ಲ. "ಎರಡು ಮೊಳ ಮಲ್ಲಿಗೆ ಕೊಟ್ರು ಅಂತ ಬರ್ದಿದೀಯ. ಯಾರ ಮೊಳ?" ಅಂದ್ರು ಅಷ್ಟೇ. ನಂಗೆ ಬಾಯಿ ಒಣಗ್ತು. ಸುಮ್ನೆ ಒಪ್ಕೊಂಡೆ. ಆ ದಿನದ ಮಾರ್ಕ್ಸ್ ಸೊನ್ನೆ, ಮತ್ತೆ ಹೋಗಿ ಬರ್ಕೊಂಡು ಬಾ ಅಂದ್ರು, ಹೊರಗೆ ಹಾಕ್ಬಹುದಿತ್ತು, ಹಾಕ್ಲಿಲ್ಲ, ಆ 3.5ರಲ್ಲಿ ಒಂದು ಸ್ಟಾರ್ ಇದಕ್ಕೇ.

ಮತ್ತೆ ಹೋದೆ. ಹೂ ಕಟ್ಟೋ ಅಜ್ಜಿ ಮೊಣಕೈಯಿಂದ ಅಳೀತಾರೆ, ದಿನಾ ಬರೋರಿಗೆ ನಡುಬೆರಳ ತುದಿ ದಾಟಿಸಿ ಕತ್ತರಿಸ್ತಾರೆ, ಹೊಸಬರಿಗೆ ಬೆರಳು ಸ್ವಲ್ಪ ಮಡಚ್ಕೋತಾರೆ. ಅರ್ಧ ಗಂಟೆ ಪಕ್ಕದಲ್ಲೇ ನಿಂತು ಇದನ್ನೆಲ್ಲ ಬರ್ಕೊಂಡು, ಹೋಗ್ತಾ ಅಮ್ಮನಿಗೆ ಅಂತ ಎರಡು ಮೊಳ ಕೇಳಿದೆ. ಮಡಚಿಯೇ ಕೊಟ್ರು.