ಫುಲ್‌ಟೈಮ್ ಎಂಬಿಎ: ಆರು ವರ್ಷ ಬಳಸಿದ ಮೇಲೆ

ಕೋರ್ಸ್ ಮುಗಿದ ವಾರದಲ್ಲೇ ಕಾಲೇಜಿನಿಂದ ಫೀಡ್‌ಬ್ಯಾಕ್ ಫಾರ್ಮ್ ಬಂದಿತ್ತು. ಎಲ್ಲದಕ್ಕೂ ಐದಕ್ಕೆ ಐದು ಒತ್ತಿ ಕಳಿಸಿದೆ. ಕೈಯಲ್ಲಿ ಆಫರ್ ಲೆಟರ್ ಇತ್ತು, ಇನ್ನೇನು ಒತ್ತಲಿ? ಹೊಸ ಬೈಕನ್ನು ಶೋರೂಮಿನಿಂದ ತಂದ ದಿನವೇ ಮೈಲೇಜ್ ಬಗ್ಗೆ ಬರೆದಂತಾಯಿತು. ಈಗ ಆರು ವರ್ಷ ಕಳೆದಿದೆ. ಸಾಲ ತೀರಿದೆ, ಎರಡು ಕೆಲಸ ಬದಲಿಸಿದ್ದೇನೆ, ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ವಿಮರ್ಶೆ ಬರೆಯಲು ಈಗ ಸರಿಯಾದ ಸಮಯ.

ಸೇರುವ ಮುಂಚೆ ಐದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ. ಆ ಲೈನ್ ಬಿಟ್ಟು ಸಪ್ಲೈ ಚೈನ್ ಕಡೆಗೆ, ಅಂದರೆ ಫ್ಯಾಕ್ಟರಿಯಿಂದ ಗಿರಾಕಿಯವರೆಗೆ ಮಾಲು ಮುಟ್ಟಿಸುವ ಕೆಲಸಕ್ಕೆ ಹೋಗಬೇಕು ಅನ್ನಿಸಿತ್ತು. ಅದಕ್ಕೇ ಎರಡು ವರ್ಷದ ಕೋರ್ಸ್ ಆರಿಸಿಕೊಂಡೆ. 1908ರಲ್ಲಿ ಹಾರ್ವರ್ಡ್ ಎಂಬಿಎ ಶುರುಮಾಡಿದಾಗಿನಿಂದ ಎರಡು ವರ್ಷದ್ದೇ ಹಳೇ ಅಚ್ಚು. ಫ್ರಾನ್ಸಿನ ಇನ್ಸಿಯಾಡ್‌ನಂಥ ಕಡೆ ಹತ್ತೇ ತಿಂಗಳಲ್ಲಿ ಮುಗಿಸುತ್ತಾರೆ. ಇರುವ ಲೈನಿನಲ್ಲೇ ಮೇಲೆ ಹೋಗುವವರಿಗೆ ಚಿಕ್ಕದು ಸಾಕು. ಲೈನ್ ಬದಲಿಸುವವರಿಗೆ ದೊಡ್ಡದೇ ಬೇಕು, ಯಾಕೆಂದರೆ ನಡುವೆ ಸಿಗುವ ಇಂಟರ್ನ್‌ಶಿಪ್. ಆ ಹತ್ತು ವಾರ ಇಲ್ಲದಿದ್ದರೆ ನನ್ನನ್ನು ಯಾವ ಗೋದಾಮಿನವರೂ ಒಳಗೆ ಬಿಡುತ್ತಿರಲಿಲ್ಲ.

ನಾನು ಫೀಸ್ ಕಟ್ಟಿದ್ದು ಒಂದು ಕೋರ್ಸಿಗೆ. ಒಳಗೆ ಹೋಗಿ ನೋಡಿದರೆ ಎರಡಿದ್ದವು. ಒಂದು ಕ್ಲಾಸು, ಇನ್ನೊಂದು ಪ್ಲೇಸ್‌ಮೆಂಟು. ಎರಡಕ್ಕೂ ಇರುವ ಸಮಯ ಒಂದೇ. ಸೇರಿ ಎರಡು ತಿಂಗಳು ಆಗುವಷ್ಟರಲ್ಲಿ ಇಂಟರ್ನ್‌ಶಿಪ್‌ಗೆ ಕಂಪನಿಗಳು ಬರಲು ಶುರುವಾದವು. ಅಲ್ಲಿಂದ ನನ್ನ ಅಕೌಂಟಿಂಗ್ ಮುಗಿಯಿತು. ಮುಂದೆ ಬೋರ್ಡಿನ ಮೇಲೆ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್, ನನ್ನ ಲ್ಯಾಪ್‌ಟಾಪಿನಲ್ಲಿ ರೆಸ್ಯುಮೆಯ ಹದಿಮೂರನೇ ಆವೃತ್ತಿ. ನಾನೊಬ್ಬನೇ ಅಲ್ಲ, ಹಿಂದಿನ ಎರಡು ಸಾಲೂ ಅದೇ ಮಾಡುತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು, ಸುಮ್ನೆ ಇದ್ದರು. ನನ್ನ ದೊಡ್ಡ ದೂರು ಇದೇ. ಅಷ್ಟು ದುಡ್ಡು ಕೊಟ್ಟು ಕೂತ ಕ್ಲಾಸಿನಲ್ಲಿ ಕೂರಲು ಅದೇ ಕೋರ್ಸು ಬಿಡಲಿಲ್ಲ.

ಆದರೂ ಕೆಲವು ಕ್ಲಾಸುಗಳು ಇವತ್ತಿಗೂ ನೆನಪಿವೆ. ಅದರಲ್ಲಿ ಮೊದಲನೆಯದು ಬಿಯರ್ ಗೇಮ್. ಎಂಐಟಿಯ ಜೇ ಫಾರೆಸ್ಟರ್ ತಂಡ 1960ರ ಸುಮಾರಿಗೆ ಕಟ್ಟಿದ ಆಟ. ನಾಲ್ಕು ಜನ ಸಾಲಾಗಿ ಕೂರಬೇಕು: ಚಿಲ್ಲರೆ ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ. ಮಾತಾಡುವಂತಿಲ್ಲ. ಪ್ರತಿ ವಾರ ಒಂದು ಚೀಟಿಯಲ್ಲಿ ಆರ್ಡರ್ ಬರೆದು ಪಕ್ಕದವರಿಗೆ ದಾಟಿಸಬೇಕು. ಸ್ಟಾಕ್ ಉಳಿದರೆ ಬಿಯರ್ ಪೆಟ್ಟಿಗೆಯೊಂದಕ್ಕೆ ವಾರಕ್ಕೆ ಅರ್ಧ ಡಾಲರ್ ದಂಡ, ಆರ್ಡರ್ ಬಾಕಿ ಬಿದ್ದರೆ ಒಂದು ಡಾಲರ್. ನಾನು ಫ್ಯಾಕ್ಟರಿ. ಮೊದಲು ಚೀಟಿಯಲ್ಲಿ 4 ಬರುತ್ತಿತ್ತು. ಆಮೇಲೆ 12 ಬಂತು, ಆಮೇಲೆ 25. ಒಂದು ವಾರ 40 ಅಂತ ಬಂದಾಗ ಕೈ ನಡುಗಿತು. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮಾಲು ತಯಾರಿಸಿದೆ. ಅದು ಕೈಗೆ ಬರುವ ಹೊತ್ತಿಗೆ ಚೀಟಿಯಲ್ಲಿ ಸೊನ್ನೆ. ಮುಂದಿನ ವಾರ ಸೊನ್ನೆ. ಅದರ ಮುಂದಿನ ವಾರವೂ ಸೊನ್ನೆ. ಅಂಗಡಿಯ ಜಾಗದಲ್ಲಿ ಕೂತವಳ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿತ್ತು, ತಲೆಕೆಟ್ಟ ಗಿರಾಕಿಗಳನ್ನು ಇಟ್ಟುಕೊಂಡಿದ್ದಾಳೆ ಅಂತ. ಆಟ ಮುಗಿದ ಮೇಲೆ ಮೇಷ್ಟ್ರು ಗಿರಾಕಿಯ ಚೀಟಿಗಳನ್ನು ತಿರುಗಿಸಿ ತೋರಿಸಿದರು. ಮೊದಲ ನಾಲ್ಕು ವಾರ 4. ಐದನೇ ವಾರದಿಂದ 8. ಕೊನೆಯವರೆಗೂ ಬರೀ 8. ಗಿರಾಕಿ ಒಂದೇ ಸಲ ಬದಲಾಗಿದ್ದ. ಉಳಿದ ಗಲಾಟೆಯೆಲ್ಲ ನಾವು ನಾಲ್ವರದ್ದು.

ಎರಡನೇ ಕೆಲಸದಲ್ಲಿ ಒಂದು ಬಿಡಿಭಾಗದ ಕೊರತೆ ಬಂತು. ಮೂರು ಗೋದಾಮಿನವರೂ ಬೇಕಾದ್ದಕ್ಕಿಂತ ಎರಡರಷ್ಟು ಆರ್ಡರ್ ಹಾಕತೊಡಗಿದರು. ಬೇಡಿಕೆ ಜಾಸ್ತಿಯಾಗಿದೆ, ಇನ್ನೊಬ್ಬ ಸಪ್ಲೈಯರ್ ಹುಡುಕಿ ಎಂದರು ಮೇಲಿನವರು. ನಾನು ಆರ್ಡರ್ ಬಿಟ್ಟು ನಿಜವಾದ ಮಾರಾಟದ ಅಂಕಿ ಕೇಳಿದೆ. ಮಾರಾಟ ಹೆಚ್ಚು ಕಡಿಮೆ ಮೊದಲಿನಷ್ಟೇ ಇತ್ತು. ಆ ಹಾಳೆ ನೋಡಿದಾಗ ನನಗೆ ಕಂಡದ್ದು ಆ 8ರ ಚೀಟಿಗಳೇ. ಇಡೀ ಕೋರ್ಸಿನಲ್ಲಿ ಇಷ್ಟು ನೇರವಾಗಿ ಕೆಲಸಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ. ಅದು ಬರೀ ಮೂರು ಗಂಟೆಯ ಕ್ಲಾಸು!

ಕೇಸ್ ಕ್ಲಾಸುಗಳ ಬಗ್ಗೆ, ಅಂದರೆ ಯಾವುದೋ ಕಂಪನಿಯ ಸಮಸ್ಯೆ ಇಟ್ಟುಕೊಂಡು ಚರ್ಚೆ ಮಾಡುವ ಕ್ಲಾಸುಗಳ ಬಗ್ಗೆ, ನನಗೆ ಎರಡು ಮನಸ್ಸು. ಕೋಲ್ಡ್ ಕಾಲ್ ಅಂದರೆ ಗೊತ್ತಲ್ವಾ, ಕೈ ಎತ್ತದವರನ್ನೇ ಹೆಸರು ಹಿಡಿದು ಎಬ್ಬಿಸುವುದು. ಮೊದಲ ಸಲ ನನ್ನನ್ನು ಎಬ್ಬಿಸಿದಾಗ ಎಪ್ಪತ್ತು ಜನ ತಿರುಗಿ ನೋಡಿದರು. ‘ಇನ್ನಷ್ಟು ಮಾಹಿತಿ ಬೇಕು ಸರ್’ ಅಂದೆ. ‘ಮಾಹಿತಿ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಏನು ಮಾಡುತ್ತೀರಿ, ಅದನ್ನು ಹೇಳಿ’ ಅಂದರು ಮೇಷ್ಟ್ರು. ಟೆಸ್ಟಿಂಗ್ ಮಾಡಿದವನಿಗೆ ಎಲ್ಲ ನೋಡಿದ ಮೇಲೇ ಬಾಯಿ ಬಿಡುವ ಅಭ್ಯಾಸ. ಆ ಅಭ್ಯಾಸ ಬಿಡಿಸಿದ್ದು ಅದೇ ಕ್ಲಾಸು. ಆದರೆ ಮಾತಾಡಿದ್ದಕ್ಕೆ ಮಾರ್ಕ್ಸ್ ಇಟ್ಟರೆ ಏನಾಗಬೇಕೋ ಅದೂ ಆಯಿತು. ಒಬ್ಬರು ಹೇಳಿದ್ದನ್ನೇ ಇನ್ನೊಬ್ಬರು ‘ಅವರ ಮಾತಿಗೆ ಒಂದು ಸೇರಿಸುತ್ತೇನೆ’ ಎಂದು ಮತ್ತೆ ಹೇಳುವುದು. ಏನೂ ಸೇರಿಸುತ್ತಿರಲಿಲ್ಲ.

ಗ್ರೂಪ್ ವರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದು ಜನರ ಗುಂಪಿನಲ್ಲಿ ಒಬ್ಬ ಲೆಕ್ಕಕ್ಕುಂಟು ಆಟಕ್ಕಿಲ್ಲ. ಕೊನೆಯಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಮಾರ್ಕ್ಸ್ ಕೊಡುವ ಫಾರ್ಮ್ ಬಂದಾಗ ಎಲ್ಲರೂ ಎಲ್ಲರಿಗೂ ಪೂರ್ತಿ ಮಾರ್ಕ್ಸ್ ಕೊಟ್ಟೆವು. ಅವನೂ ಕೊಟ್ಟ.

ಸ್ಟ್ರಾಟೆಜಿ ಚೌಕಟ್ಟುಗಳು ಕೈಹಿಡಿದದ್ದು ಇಂಟರ್ವ್ಯೂನಲ್ಲಿ ಮಾತ್ರ. ಒಂದು ಉದ್ಯಮದ ಪೈಪೋಟಿ ಅಳೆಯಲು ಮೈಕೇಲ್ ಪೋರ್ಟರ್ 1979ರಲ್ಲಿ ಬರೆದ ಐದು ಶಕ್ತಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ, ಈಗ ಮೂರರ ಮೇಲೆ ನೆನಪಾಗುವುದಿಲ್ಲ. ಲೀಡರ್‌ಶಿಪ್ ವರ್ಕ್‌ಶಾಪ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ಗ್ರೇಡ್‌ಗಾಗಿ ಕೆಟ್ಟ ನಿದ್ದೆಗಳನ್ನು ನೆನೆದರೆ ನಗು ಬರುತ್ತದೆ. ಈ ಆರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಸ್ಟ್ಯಾನ್‌ಫರ್ಡ್, ವಾರ್ಟನ್‌ನಂಥ ಕಡೆ ಕಂಪನಿಗಳಿಗೆ ಗ್ರೇಡ್ ಹೇಳದಿರುವುದೇ ವಾಡಿಕೆ. ಎಂಬಿಎ ಗ್ರೇಡ್‌ಗೂ ಮುಂದಿನ ಏಳಿಗೆಗೂ ನಂಟಿದೆ ಎನ್ನಲು ಹೆಚ್ಚು ಆಧಾರ ಇಲ್ಲ ಎಂದು ಸ್ಟ್ಯಾನ್‌ಫರ್ಡ್‌ನದೇ ಪ್ರಾಧ್ಯಾಪಕ ಜೆಫ್ರಿ ಫೆಫರ್ 2002ರಲ್ಲೇ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಬರೆದಿದ್ದರು. ಇದನ್ನು ಮೊದಲೇ ಓದಿದ್ದರೆ ಇನ್ನೊಂದಿಷ್ಟು ಮಲಗುತ್ತಿದ್ದೆ.

ಪ್ಲೇಸ್‌ಮೆಂಟ್ ರಿಪೋರ್ಟ್ ಓದುವವರು ಸ್ವಲ್ಪ ನಿಧಾನಕ್ಕೆ ಓದಿ. ಪದವಿಯಾಗಿ ಮೂರು ತಿಂಗಳೊಳಗೆ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಸ್ವಂತ ಕಂಪನಿ ಮಾಡುತ್ತೇನೆ, ಕೆಲಸ ಹುಡುಕುತ್ತಿಲ್ಲ ಎಂದವರು ಆ ಲೆಕ್ಕದಲ್ಲಿ ಇರುವುದಿಲ್ಲ. ಸರಾಸರಿ ಸಂಬಳ ನೋಡಬೇಡಿ, ನಾಲ್ಕು ದೊಡ್ಡ ಆಫರ್ ಬಂದರೆ ಅದು ಹಾರುತ್ತದೆ. ಮೀಡಿಯನ್ ನೋಡಿ, ಅಂದರೆ ಎಲ್ಲರ ಸಂಬಳ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು. ಆ ಕೆಲಸದಲ್ಲಿ ಎಷ್ಟು ದಿನ ಇದ್ದರು ಅನ್ನುವುದನ್ನು ನಮ್ಮ ಕಾಲೇಜಿನ ರಿಪೋರ್ಟ್ ಹೇಳಿರಲಿಲ್ಲ. ನಮ್ಮ ಐವರ ಗುಂಪಿನಲ್ಲಿ ಮೂವರು ಎರಡು ವರ್ಷದೊಳಗೆ ಮೊದಲ ಕೆಲಸ ಬಿಟ್ಟಿದ್ದೆವು.

ನೆಟ್‌ವರ್ಕ್ ಅನ್ನುವ ಮಾತನ್ನು ಕಾಲೇಜಿನವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನನ್ನ ಫೋನಿನಲ್ಲಿ ಬ್ಯಾಚಿನವರ ನಂಬರ್ ಇನ್ನೂರರ ಮೇಲಿವೆ. ನಾನು ಫೋನ್ ಮಾಡುವುದು ನಾಲ್ಕು ಜನಕ್ಕೆ. ಆದರೆ ಆ ನಾಲ್ವರ ಬೆಲೆ ಕಟ್ಟಲು ಬರುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಸಪ್ಲೈಯರ್ ಮಾಲು ಕಳಿಸುವುದು ನಿಲ್ಲಿಸಿದ. ಅವನ ಲೆಕ್ಕಪತ್ರದಲ್ಲಿ ಲಾಭ ಚೆನ್ನಾಗಿಯೇ ಕಾಣುತ್ತಿತ್ತು. ನನಗೆ ತಲೆಬುಡ ಗೊತ್ತಾಗಲಿಲ್ಲ. ಅಕೌಂಟಿಂಗ್ ಕ್ಲಾಸಿನಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದವಳಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ. ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ತೆಗಿ ಅಂದಳು. ಒಂದೊಂದೇ ಸಾಲು ಓದಿಸಿದಳು. ಮಾರಿದ ಮಾಲಿನ ದುಡ್ಡು ಗಿರಾಕಿಗಳಿಂದ ಬಂದೇ ಇಲ್ಲ, ಇವನು ಮಾತ್ರ ಎಲ್ಲರಿಗೂ ಕೊಡುತ್ತಾ ಬಂದಿದ್ದಾನೆ. ಲಾಭ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ ಏನಿಲ್ಲ. ಕೊನೆಗೆ ಕೇಳಿದಳು: ‘ಇದು ಎರಡನೇ ತಿಂಗಳ ಪಾಠ ಕಣೋ, ಎಲ್ಲಿದ್ದೆ ನೀನು?’ ರೆಸ್ಯುಮೆ ತಿದ್ದುತ್ತಿದ್ದೆ ಅಂತ ಹೇಳಲಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಫೀಸ್ ಒಂದೇ ಖರ್ಚಲ್ಲ, ಎರಡು ವರ್ಷ ಬಿಟ್ಟ ಸಂಬಳವನ್ನೂ ಸೇರಿಸಬೇಕು. ಅದೇ ಕೆಲವರಿಗೆ ಫೀಸ್‌ಗಿಂತ ದೊಡ್ಡದು. ಫೈನಾನ್ಸ್ ಮೇಡಂ ಒಂದು ದಿನ ನಮ್ಮ ಎಂಬಿಎಯ ನೆಟ್ ಪ್ರೆಸೆಂಟ್ ವ್ಯಾಲ್ಯೂ ನಮ್ಮಿಂದಲೇ ಹಾಕಿಸಿದರು, ಅಂದರೆ ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಿ ಖರ್ಚು ಕಳೆಯುವುದು. ಎಕ್ಸೆಲ್‌ನಲ್ಲಿ ಸಂಬಳದ ಏರಿಕೆ ವರ್ಷಕ್ಕೆ ಶೇ. 15 ಅಂತ ಹಾಕಿದ್ದೆ. ಉತ್ತರ ಭರ್ಜರಿಯಾಗಿ ಬಂತು. ಮೇಡಂ ಬಗ್ಗಿ ನೋಡಿ, ‘ಅದನ್ನು 8 ಮಾಡಿ’ ಅಂದರು. ಮೈನಸ್ ಆಯಿತು. ಅಷ್ಟು ಹೊತ್ತಿಗೆ ಫೀಸ್ ಕಟ್ಟಿ ಆಗಿತ್ತು.

ಮೊನ್ನೆ ಅದೇ ಶೀಟ್ ತೆಗೆದು ಆರು ವರ್ಷದ ನಿಜವಾದ ಸಂಬಳ ತುಂಬಿದೆ. ಮೈನಸ್ ಹೋಗಿದೆ, ಆದರೆ ಬಂದ ಪ್ಲಸ್ ತೀರಾ ಚಿಕ್ಕದು. ಈಗ ಯಾರಾದರೂ ಫಾರ್ಮ್ ಕೊಟ್ಟರೆ ಐದಕ್ಕೆ ಮೂರೂವರೆ ಒತ್ತುತ್ತೇನೆ. ಅರ್ಧ ಅಂಕ ಬಿಯರ್ ಗೇಮ್‌ಗೆ.

ತಂಗಿ ಈ ವರ್ಷ ಅರ್ಜಿ ಹಾಕುತ್ತಿದ್ದಾಳೆ. ಶೀಟ್ ಅವಳಿಗೂ ಕಳಿಸಿದೆ. ಹತ್ತು ನಿಮಿಷಕ್ಕೆ ವಾಪಸ್ ಬಂತು. ಒಂದೇ ಒಂದು ಸೆಲ್ ಬದಲಾಗಿತ್ತು, ಸಂಬಳದ ಏರಿಕೆಯದ್ದು. ಶೇ. 18 ಹಾಕಿದ್ದಾಳೆ.