ಉಯ್ಯಾಲೆ ಇರುವ ಮನೆಯವರು ಒಮ್ಮೆ ಕೊಂಡಿ ಇಳಿಸಿ ನೋಡಿ

ನಾಗರ ಪಂಚಮಿಯ ದಿನ ನಮ್ಮ ಪಡಸಾಲೆಯ ಉಯ್ಯಾಲೆ ಕಳಚಿ ಬಿತ್ತು. ಮಾವ ಮತ್ತು ಇಬ್ಬರು ಮಕ್ಕಳು ಕೂತು ಜೋರಾಗಿ ಜೀಕುತ್ತಿದ್ದರು. ಮಕ್ಕಳಿಗೆ ತರಚಿದ ಗಾಯ, ಅಷ್ಟೇ. ಮಾವನ ಮಣಿಕಟ್ಟು ಮುರಿಯಿತು.

ಸರಪಳಿ ಗಟ್ಟಿಯಾಗೇ ಇತ್ತು. ಮುರಿದದ್ದು ತೊಲೆಯ ಬಳೆಗೆ ಸಿಕ್ಕಿಸಿದ್ದ ಎಸ್ ಕೊಂಡಿ. 10 ಮಿ.ಮೀ. ಸರಳಿನದು. ಬಳೆಗೆ ತಾಗುವ ಕಡೆ ಸವೆದು ಸವೆದು ಅರ್ಧದಷ್ಟೂ ಉಳಿದಿರಲಿಲ್ಲ. ಕೆಳಗಿನಿಂದ ನೋಡಿದರೆ ಏನೂ ಕಾಣಲ್ಲ, ಸವೆದ ಜಾಗ ಬಳೆಯೊಳಗೇ ಅಡಗಿರುತ್ತೆ.

ಸುಳಿವು ಸಿಕ್ಕಿರಲಿಲ್ಲ ಅಂತಲ್ಲ. ವರ್ಷದಿಂದ ಕಿರ್ ಕಿರ್ ಅನ್ನುತ್ತಿತ್ತು. ನಾನು ಕೊಬ್ಬರಿ ಎಣ್ಣೆ ಬಿಟ್ಟು ಸದ್ದು ಅಡಗಿಸಿ ಸುಮ್ಮನಾದೆ, ಎಂಥ ಜಾಣ ನೋಡಿ! ನೆಲದ ಮೇಲೆ ಆಗಾಗ ಕಪ್ಪು ಪುಡಿ ಬೀಳುತ್ತಿತ್ತು. ಅಮ್ಮ ದಿನಾ ಒರೆಸುತ್ತಿದ್ದರು. ಅದು ಕೊಂಡಿಯ ಕಬ್ಬಿಣವೇ ಅಂತ ಯಾರಿಗೂ ಹೊಳೆಯಲಿಲ್ಲ.

ವೆಲ್ಡಿಂಗ್ ಅಂಗಡಿಯವರು ಮುರಿದ ಮುಖ ತೋರಿಸಿದರು. ಮುಕ್ಕಾಲು ಭಾಗ ಕಪ್ಪಗೆ ತುಕ್ಕು ಹಿಡಿದಿತ್ತು. ಅಂಚಿನಲ್ಲಿ ಮಾತ್ರ ಒಂದಿಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. "ಬಿರುಕು ಹಳೇದು ಸಾರ್, ಆವತ್ತು ಮುರಿದಿದ್ದು ಈ ಬಿಳಿ ಭಾಗ ಅಷ್ಟೇ" ಅಂದರು. ತಂತಿಯನ್ನು ಅತ್ತ ಇತ್ತ ಬಗ್ಗಿಸಿದರೆ ತುಂಡಾಗುತ್ತಲ್ವಾ, ಹಾಗೇ. ಒಂದೊಂದು ಜೀಕಿಗೂ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತೆ.

ಅರ್ಧ ದಪ್ಪ ಉಳಿದರೆ ಅರ್ಧ ಬಲ ಇರುತ್ತೆ ಅಂದುಕೊಳ್ಳಬೇಡಿ. ಕೊಂಡಿಯನ್ನು ಭಾರ ಬಗ್ಗಿಸಲು ನೋಡುತ್ತೆ. ದಪ್ಪ ಅರ್ಧಕ್ಕೆ ಇಳಿದರೆ ಅದನ್ನು ತಡೆಯುವ ಶಕ್ತಿ ಕಾಲು ಭಾಗಕ್ಕೆ ಬಂದುಬಿಡುತ್ತೆ. ಜೊತೆಗೆ ಜೀಕುವಾಗ ಬೀಳುವ ಭಾರ ಸುಮ್ನೆ ಕೂತಾಗಿನದ್ದಲ್ಲ. ಸರಪಳಿ 60 ಡಿಗ್ರಿಯಷ್ಟು ವಾಲುವವರೆಗೆ ಜೀಕಿದರೆ, ಕೆಳಗೆ ಬರುವ ಹೊತ್ತಿಗೆ 70 ಕೆ.ಜಿ. ಮನುಷ್ಯ 140 ಕೆ.ಜಿ.ಯಷ್ಟು ಎಳೆಯುತ್ತಾನೆ. ಅಮ್ಮ ಎಲೆಅಡಿಕೆ ಹಾಕಿಕೊಂಡು ನಿಧಾನಕ್ಕೆ ತೂಗಿಕೊಳ್ಳುತ್ತಿದ್ದಾಗ ತಡೆದ ಕೊಂಡಿ ಪಂಚಮಿಯ ದಿನ ಕೈಕೊಟ್ಟಿದ್ದು ಇದಕ್ಕೇ.

ಎಣ್ಣೆ ಬಿಡಿ, ಬೇಡ ಅನ್ನಲ್ಲ. ಆದರೆ ಮೊದಲು ಏಣಿ ಹತ್ತಿ, ಮಣೆಯ ಭಾರ ಎತ್ತಿ, ಕೊಂಡಿ ಕೈಗೆ ತೆಗೆದುಕೊಂಡು ಒಳಮೈ ಸವರಿ ನೋಡಿ. ಬೆರಳಿಗೆ ಹಳ್ಳ ಸಿಕ್ಕಿದರೆ ಬಿಸಾಕಿ. ಅದರ ಮೇಲೆ ವೆಲ್ಡಿಂಗ್ ತುಂಬಿಸಿ ಮತ್ತೆ ನೇತುಹಾಕಬೇಡಿ. ತೊಲೆಯ ಬಳೆಯನ್ನೂ ನೋಡಿ, ಉಜ್ಜಾಟದಲ್ಲಿ ಸವೆಯೋದು ಎರಡೂ ಕಡೆ. ನಾವು ಈಗ ಬೇರಿಂಗ್ ಇರುವ ಕೊಂಡಿ ಹಾಕಿಸಿದ್ದೇವೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಲ್ಲ.

ಅಂದಹಾಗೆ, ಆಚೆ ಬದಿಯ ಕೊಂಡಿಯನ್ನೂ ಅವತ್ತೇ ಇಳಿಸಿದೆವು. ಅದೂ ಅಷ್ಟೇ ಸವೆದಿತ್ತು.